ಮಲಗಿದ ಪಾದದ ಅಳತೆ

ಮನೆಯ ಗೇಟಿನಿಂದ ಎರಡನೇ ತಿರುವಿನವರೆಗೆ ಟೀಚರಮ್ಮನ ನಡಿಗೆ ನೋಡಬೇಕು ನೀವು! ಬೆನ್ನು ನೆಟ್ಟಗೆ, ಕತ್ತು ಎತ್ತರ, ಕಾಲಲ್ಲಿ ಹೊಸ ಬೂದು ಬಣ್ಣದ ಶೂ, ತುಟಿಯ ಮೇಲೆ ನಗು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಟೀ ಲೋಟ ಹಿಡಿದು ನಿಂತ ಅವರ ಗಂಡ ಆ ನಡಿಗೆಯನ್ನು ಕಣ್ಣು ತುಂಬಾ ನೋಡುತ್ತಿದ್ದರು. ತಿರುವಿನಲ್ಲಿ ಟೀಚರಮ್ಮ ಒಮ್ಮೆ ಹಿಂದೆ ತಿರುಗಿ ಕೈ ಬೀಸುವುದು, ಮೇಲಿನಿಂದ ಅವರು ಲೋಟ ಎತ್ತುವುದು, ಇದು ದಿನವೂ ಸಂಜೆ ನಡೆಯುವ ನಾಟಕ.

ತಿರುವು ದಾಟಿದ್ದೇ ತಡ, ನಾಟಕ ಮುಗಿಯಿತು. ಔಷಧಿ ಅಂಗಡಿಯ ಪಕ್ಕದ ಕಲ್ಲಿನ ಬೆಂಚಿನ ಮೇಲೆ ಟೀಚರಮ್ಮ ದೊಪ್ಪನೆ ಕೂತು, ಲೇಸು ಬಿಚ್ಚಿ, ಶೂ ಕಿತ್ತು, "ಅಯ್ಯೋ ಅಮ್ಮಾ, ಸತ್ತೇ!" ಎಂದು ಉಸಿರು ಬಿಡುತ್ತಿದ್ದರು. ಆಮೇಲೆ ಆಚೆ ಈಚೆ ನೋಡಿ, ಚೀಲದಿಂದ ಬಚ್ಚಲುಮನೆಯ ನೀಲಿ ರಬ್ಬರ್ ಚಪ್ಪಲಿ ತೆಗೆದು ಹಾಕಿಕೊಂಡು, ಶೂಗಳನ್ನು ಚೀಲಕ್ಕೆ ತುರುಕಿ, ಪಟಪಟ ಸದ್ದು ಮಾಡುತ್ತಾ ಮುಂದೆ ಹೋಗುತ್ತಿದ್ದರು. ವಾಪಸು ಬರುವಾಗ ಅದೇ ಬೆಂಚು, ಅದೇ ಕೆಲಸ, ಉಲ್ಟಾ. ಐವತ್ತೆಂಟು ವರ್ಷದ ಹೆಂಗಸು, ಮೂವತ್ತೆರಡು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಸುಳ್ಳು ಹೇಳಿದವರ ಕಿವಿ ಹಿಂಡಿದವರು, ಹೀಗೆ ಹನ್ನೊಂದು ದಿನದಿಂದ ಕಳ್ಳಾಟ ಆಡುತ್ತಿದ್ದರು ಅಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ.

ಕಾರಣ ಅವರ ಗಂಡನ ಕಣ್ಣು.

ಗಂಡ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರು. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಆಡಿಸುವ ಕೆಲಸ. ಒಂದೇ ಮನೆಯಲ್ಲಿ ಟೀಚರೂ ಇದ್ದಾರೆ, ಮಾಸ್ಟರೂ ಇದ್ದಾರೆ, ಹೇಳಿದ ಮಾತು ಕೇಳುವವರು ಮಾತ್ರ ಒಬ್ಬರೂ ಇಲ್ಲ ಎಂದು ಮಗಳು ಮದುವೆಗೆ ಮುಂಚೆ ತಮಾಷೆ ಮಾಡುತ್ತಿದ್ದಳು. ಮಾಸ್ಟರು ಟೇಪ್ ಹಿಡಿದವರೇ ಅಲ್ಲ. ಎದುರಿಗೆ ನಿಂತವರನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರೂವರೆ, ಎಡಭುಜ ಸ್ವಲ್ಪ ಇಳಿದಿದೆ" ಎಂದರೆ ಮುಗಿಯಿತು. ಟೀಚರಮ್ಮ ಮದುವೆಗೆ ಮುಂಚೆ ಒಂದು ಕೋಟು ಹೊಲಿಸಲು ಅವರ ಬಳಿ ಹೋದಾಗಲೂ ಹಾಗೇ ಆಗಿದ್ದು. "ಅಳತೆ ತಗೊಳ್ಳಲ್ವಾ?" ಎಂದು ಕೇಳಿದ್ದಕ್ಕೆ, "ಆಯ್ತಲ್ಲ" ಅಂದಿದ್ದರು. ಕೋಟು ಮೈಗೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಅದಾದ ಮೇಲೆ ಟೀಚರಮ್ಮನಿಗೆ ಇಲ್ಲದ ಹೊಲಿಗೆ ಕೆಲಸವೆಲ್ಲ ನೆನಪಾಗತೊಡಗಿತು. ಆ ವರ್ಷ ಅವರು ಹೊಲಿಸಿದಷ್ಟು ಬಟ್ಟೆಯನ್ನು ಯಾವ ಟೀಚರೂ ಹೊಲಿಸಿರಲಿಕ್ಕಿಲ್ಲ.

ಅಂಥ ಕಣ್ಣು ಎರಡು ತಿಂಗಳ ಹಿಂದೆ ಕೈಕೊಟ್ಟಿತು. ಆಸ್ಪತ್ರೆಯೊಂದರ ಸಿಬ್ಬಂದಿಗೆ ನಲವತ್ತು ಅಂಗಿ, ಎಲ್ಲದರ ತೋಳೂ ಒಂದು ಇಂಚು ಗಿಡ್ಡ. ಮಾಲೀಕ ಬೈದಿದ್ದರೆ ಚೆನ್ನಾಗಿತ್ತು. ಅವನು "ಬಿಡಿ ಮಾಸ್ಟ್ರೇ, ಅರ್ಧ ತೋಳು ಮಾಡಿ ಕೊಡೋಣ" ಅಂದುಬಿಟ್ಟ. ಅವತ್ತು ಮಾಸ್ಟರು ಮನೆಗೆ ಬಂದು ತಮ್ಮ ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಊಟಕ್ಕೆ ಕೂತಾಗ, "ವರ್ಷದ ಕೊನೆಗೆ ಬಿಟ್ಬಿಡ್ತೀನಿ ಕಣೇ. ಕಣ್ಣು ಹೋದ ಮೇಲೆ ನಂದೇನಿದೆ ಅಲ್ಲಿ?" ಅಂದರು. ಕಣ್ಣಿನ ಡಾಕ್ಟರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. ಮರುದಿನದಿಂದ ಕೆಲಸಕ್ಕೇನೋ ಹೋದರು, ಆದರೆ ಕಾರ್ಖಾನೆಯ ಕತ್ತರಿಯಲ್ಲಿ, ಬೇರೆಯವರು ಗೆರೆ ಹಾಕಿಕೊಟ್ಟ ಬಟ್ಟೆಯನ್ನು ಕತ್ತರಿಸಿ ಬರುತ್ತಿದ್ದರು. ಮನೆಯಲ್ಲಿ ಮಾತು ಅರ್ಧಕ್ಕರ್ಧ ಕಡಿಮೆಯಾಯಿತು.

ಇದೇ ಹೊತ್ತಿಗೆ ಟೀಚರಮ್ಮನ ಮಂಡಿ ತಕರಾರು ಎತ್ತಿತು. ಬೋರ್ಡಿನ ಮುಂದೆ ನಿಂತೂ ನಿಂತೂ ಸವೆದ ಮಂಡಿ. ತೊಡೆಗೆ ಶಕ್ತಿ ಬರಬೇಕು, ನಡೀಬೇಕು, ಭಾರ ಎತ್ತಬೇಕು ಎಂದರು ಡಾಕ್ಟರು. "ಈ ವಯಸ್ಸಲ್ಲಿ ಭಾರವೇ!" ಎಂದು ನಗುತ್ತಲೇ ಟೀಚರಮ್ಮ ಟೈರ್ ಅಂಗಡಿಯ ಮೇಲಿನ ವ್ಯಾಯಾಮದ ಹಾಲಿಗೆ ಸೇರಿದರು. ಅಲ್ಲಿ ಹೇಳಿಕೊಡುವಾಕೆ ಹಿಂದೊಮ್ಮೆ ಭಾರ ಎತ್ತುವ ಸ್ಪರ್ಧೆಗಳಲ್ಲಿ ಗೆದ್ದವರು, ಈಗ ಅರವತ್ತರ ಹತ್ತಿರ, ಬಾಗಿಲು ತುಂಬುವಂಥ ಆಳು. ಎಲ್ಲರೂ ಕರೆಯುವುದು ಕೋಚಮ್ಮ ಎಂದು. ಒಂದು ವಾರದಲ್ಲೇ ಟೀಚರಮ್ಮನಿಗೆ ರುಚಿ ಹತ್ತಿತು. ಎರಡು ಕೈಯಲ್ಲಿ ಐದೈದು ಕೇಜಿ ಹಿಡಿದು ಕೂತು ಏಳುವಾಗ, ಅಬ್ಬಾ, ಯಾರೋ ತಮ್ಮನ್ನು ಹೊಸದಾಗಿ ಹೊಲಿದು ಕೊಟ್ಟ ಹಾಗೆ ಅನಿಸುತ್ತಿತ್ತು.

"ಒಂದು ಒಳ್ಳೆ ಶೂ ತಗೊಳ್ಳಿ ಟೀಚರ್. ದಿನಾ ನಡೆಯೋಕಾಗೋ ಥರದ್ದು" ಎಂದು ಕೋಚಮ್ಮ ಹೇಳಿದ್ದನ್ನು ಟೀಚರಮ್ಮ ಮನೆಯಲ್ಲಿ ಸುಮ್ಮನೆ ಮಾತಿಗೆ ಹೇಳಿದರು. ಮಾಸ್ಟರು ತಲೆ ಎತ್ತಿದರು. ಎರಡು ತಿಂಗಳಲ್ಲಿ ಮೊದಲ ಸಲ ಆ ಮುಖದಲ್ಲಿ ಹಳೆಯ ಕಳೆ ಕಂಡಿತು.

"ನಾನು ತರ್ತೀನಿ."

"ನಾನೂ ಬರ್ತೀನಿ, ಹಾಕ್ಕೊಂಡು ನೋಡ್ಬೇಕಲ್ಲ."

"ನೀನ್ಯಾಕೆ? ನಿನ್ನ ಅಳತೆ ನಂಗೆ ಗೊತ್ತಿಲ್ವಾ?"

ಮೂರು ದಿನವಾದ ಮೇಲೆ ಶೂ ಬಂತು. ನೋಡಲು ಮುದ್ದಾದ ಶೂ. ಕಾಲಿಗೇರಿಸಿದರೆ ಎಲ್ಲೂ ಒಂದು ಸುಕ್ಕಿಲ್ಲ, ಒಂದು ಸಡಿಲಿಲ್ಲ. ಸಡಿಲ ಬಟ್ಟೆ ಕಂಡರೆ ಮಾಸ್ಟರಿಗೆ ಮೊದಲಿಂದಲೂ ಆಗದು. ಅವರು ಮೊಣಕಾಲೂರಿ ಕೂತು ಶೂವಿನ ಮೂತಿಯನ್ನು ಒತ್ತಿ ನೋಡಿ, ಮುಖ ಮೇಲೆತ್ತಿ ಕೇಳಿದರು.

"ಹೇಗಿದೆ?"

ಕಿರುಬೆರಳನ್ನು ಇಕ್ಕಳದಲ್ಲಿ ಹಿಡಿದ ಹಾಗಿತ್ತು. ಟೀಚರಮ್ಮ ಆ ಮುಖ ನೋಡಿದರು. ಇದೂ ತಪ್ಪಾಯಿತು ಅಂದರೆ ಆ ಕತ್ತರಿ ಬೀರುವಿನ ಮೇಲಿಂದ ಮತ್ತೆ ಕೆಳಗಿಳಿಯುವುದಿಲ್ಲ ಎಂದು ಅವರಿಗೆ ಅನ್ನಿಸಿತು.

"ಹೇಳಿ ಮಾಡಿಸಿದ ಹಾಗಿದೆ ರೀ" ಅಂದರು.

ಅಂದು ಶುರುವಾದದ್ದು ಬೆಂಚಿನ ನಾಟಕ.

ಹನ್ನೊಂದನೇ ದಿನ ಕೋಚಮ್ಮನ ಕೈಗೆ ಸಿಕ್ಕಿಬಿದ್ದರು. ಭಾರ ಎತ್ತುವಾಗ ಬಚ್ಚಲಿನ ಚಪ್ಪಲಿ ಜಾರಿ, ಟೀಚರಮ್ಮ ವಾಲಿ, ಕೋಚಮ್ಮ ಒಂದೇ ಕೈಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದರು.

"ಏನ್ರೀ ಇದು? ಸ್ನಾನಕ್ಕೆ ಬಂದಿದ್ದೀರಾ?"

"ಇಲ್ಲ ಕೋಚಮ್ಮ, ಅದು..."

"ಕೂತ್ಕೊಳ್ಳಿ. ಕಾಲು ತೋರ್ಸಿ."

ತೋರಿಸಿದರು. ಎರಡೂ ಕಿರುಬೆರಳಿಗೆ ಬೊಬ್ಬೆ, ಹಿಮ್ಮಡಿಯ ಚರ್ಮ ಸುಲಿದಿತ್ತು, ಹೆಬ್ಬೆರಳಿನ ಉಗುರು ಕಪ್ಪಿಟ್ಟಿತ್ತು. ಕೋಚಮ್ಮನ ಕೋಪ ಇಳಿದುಹೋಯಿತು. ಚೀಲದಲ್ಲಿದ್ದ ಶೂ ತೆಗೆದು, ಒಳಗೆ ಕೈ ಹಾಕಿ, ಮುಂಭಾಗ ಬಗ್ಗಿಸಿ ನೋಡಿದರು.

"ಶೂ ಏನೋ ಒಳ್ಳೇದೇ. ಹಿಮ್ಮಡಿ ಗಟ್ಟಿ ಇದೆ, ಬೆರಳ ಹತ್ರ ಮಾತ್ರ ಬಗ್ಗುತ್ತೆ. ಆದ್ರೆ ನಿಮ್ದಲ್ಲ ಇದು. ಹೆಬ್ಬೆರಳ ಮುಂದೆ ಒಂದು ಬೆರಳಷ್ಟು ಜಾಗ ಇರ್ಬೇಕು. ವ್ಯಾಯಾಮ ಆದ್ಮೇಲೆ ಪಾದ ಊದಿರುತ್ತೆ, ಅದಕ್ಕೂ ಕಾಲು ಚಾಚೋಕೆ ಜಾಗ ಬೇಡ್ವಾ? ನನ್ನ ನೋಡಿ." ಅವರು ತಮ್ಮ ಕಾಲು ಎತ್ತಿ ತೋರಿಸಿದರು. ದಪ್ಪ ತಳದ, ಮೆತ್ತನೆಯ, ಮುಂದೆ ಅಗಲವಾದ ಚಪ್ಪಲಿ, ಒಂದೊಂದೂ ಒಂದೊಂದು ಪುಟ್ಟ ದೋಣಿ. "ಎತ್ತೋವಾಗ ಶೂ, ಮುಗಿಸಿದ ಮೇಲೆ ಇದು. ಯಾರು ತಂದಿದ್ದು ಆ ಶೂನ?"

"ನಮ್ಮನೆಯವರು."

"ವಾಪಸ್ ಕೊಡಿ ಅಂತ ಹೇಳೋಕೆ ಬಾಯಿಲ್ವಾ?"

ಟೀಚರಮ್ಮ ಎಲ್ಲವನ್ನೂ ಹೇಳಿಬಿಟ್ಟರು. ನಲವತ್ತು ಅಂಗಿ, ಬೀರುವಿನ ಮೇಲಿನ ಕತ್ತರಿ, ಬಾಲ್ಕನಿಯ ಟೀ ಲೋಟ. ಕೋಚಮ್ಮ ಕೇಳಿಸಿಕೊಂಡು, ಟವೆಲಿನಲ್ಲಿ ಮುಖ ಒರೆಸಿಕೊಂಡು, "ಥೂ, ಎಂಥ ಮುದ್ದಾದ ಜೋಡಿಯಪ್ಪ ನಿಮ್ದು! ಜಗಳಾನೂ ಆಡಲ್ಲ" ಅಂದರು. "ಅದೆಲ್ಲ ನಂಗೆ ಬೇಡ. ನಾಳೆ ಈ ಬಚ್ಚಲು ಚಪ್ಪಲಿ ಕಂಡ್ರೆ ಒಳಗೆ ಬಿಡಲ್ಲ."

ಟೀಚರಮ್ಮ ಇಡೀ ರಾತ್ರಿ ಲೆಕ್ಕ ಹಾಕಿ ಒಂದು ಉಪಾಯ ಕಂಡುಹಿಡಿದರು. ಅದೇ ಅಂಗಡಿ, ಅದೇ ಬಣ್ಣ, ಅದೇ ಶೂ, ಎರಡು ನಂಬರು ದೊಡ್ಡದು. ಹಳೆಯದನ್ನು ಶಾಲೆಯ ಬೀರುವಿನಲ್ಲಿ ಅಡಗಿಸಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮಾಸ್ಟರ ಕಣ್ಣೂ ಉಳಿಯಿತು, ತಮ್ಮ ಕಾಲೂ ಉಳಿಯಿತು.

ಮರುದಿನ ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಹೋದರು. ಡಬ್ಬಿಗಳ ನಡುವಿನ ಸಣ್ಣ ಜಾಗ, ಒಂದು ಕನ್ನಡಿ, ಕುಳ್ಳ ಸ್ಟೂಲಿನ ಮೇಲೆ ಕೂತ ಅಂಗಡಿಯಾಕೆ. ಟೀಚರಮ್ಮ ಚೀಲದಿಂದ ಒಂದು ಶೂ ತೆಗೆದು, "ಇದೇ, ಎರಡು ನಂಬರ್ ದೊಡ್ಡದು ಬೇಕಿತ್ತು" ಎಂದರು.

ಅಂಗಡಿಯಾಕೆ ಶೂ ನೋಡಿದರು, ಟೀಚರಮ್ಮನ ಕಾಲು ನೋಡಿದರು, ಆಮೇಲೆ ಮುಖ ನೋಡಿದರು.

"ಓಹೋ! ಆ ಪಾದ ನಿಮ್ದೇನಾ?"

"ಯಾವ ಪಾದ?"

"ಕಾಗದದ ಪಾದ! ಒಬ್ರು ಬಂದಿದ್ರು, ತೆಳ್ಳಗೆ, ಎತ್ತರಕ್ಕೆ. ಕಾಗದದಲ್ಲಿ ಎರಡು ಪಾದ ಕತ್ತರಿಸಿ ತಂದಿದ್ರು. ಒಂದೂವರೆ ಗಂಟೆ ಇದ್ರು ಕಣ್ರೀ. ಅಂಗಡೀಲಿರೋ ಪ್ರತಿಯೊಂದು ಶೂನೊಳಗೂ ಅದನ್ನ ಇಟ್ಟು ಇಟ್ಟು ನೋಡಿದ್ರು. 'ಅವರನ್ನೇ ಕರ್ಕೊಂಡು ಬನ್ನಿ ಸ್ವಾಮಿ' ಅಂದೆ. 'ಇಲ್ಲ, ಅವಳಿಗೆ ಗೊತ್ತಾಗ್ಬಾರ್ದು' ಅಂದ್ರು. ಕೊನೆಗೆ ಕಾಗದಾನ ಇಲ್ಲೇ ಮರೆತು ಹೋದ್ರು. ಬಿಸಾಕೋಕೆ ಮನಸ್ಸು ಬರ್ಲಿಲ್ಲ."

ಅವರು ಸ್ಟೂಲಿನ ಹಿಂದಿನ ಗೂಡಿನಿಂದ ಒಂದು ಲಕೋಟೆ ತೆಗೆದರು. ಒಳಗೆ ಕಟಿಂಗ್ ಮಾಸ್ಟರುಗಳು ಅಚ್ಚಿಗೆ ಬಳಸುವ ದಪ್ಪ ಕಂದು ಕಾಗದ. ಎರಡು ಪಾದ, ಅಂಚು ಎಲ್ಲೂ ಕೊಂಕದ ಹಾಗೆ ಕತ್ತರಿಸಿದ್ದು. ಮೇಲೆ ಪೆನ್ಸಿಲಿನಲ್ಲಿ ಮಾಸ್ಟರ ಅಕ್ಷರ. 'ಎಡ: ಹೆಬ್ಬೆರಳ ಪಕ್ಕ ಗಂಟು, ಇಲ್ಲಿ ಮೆತ್ತಗಿರಬೇಕು.' 'ಬಲ: ಹಿಮ್ಮಡಿ ಒಳಗೆ ವಾಲುತ್ತೆ, ಆಸರೆ ಬೇಕು.' ಬಲಪಾದದ ನಡುವೆ ಒಂದು ಸಣ್ಣ ಚುಕ್ಕೆ, ಪಕ್ಕದಲ್ಲಿ 'ಮಚ್ಚೆ' ಎಂದು ಬರೆದಿತ್ತು. ಶೂಗೂ ಆ ಮಚ್ಚೆಗೂ ಯಾವ ಸಂಬಂಧವೂ ಇಲ್ಲ.

ಟೀಚರಮ್ಮ ನಿಂತಲ್ಲೇ ನಿಂತರು. ಕೋಟು ಹೊಲಿಸಲು ಹೋದ ತಮ್ಮ ಮೈಮೇಲೆ ಟೇಪ್ ಇಡದ ಮನುಷ್ಯ, ಗೆರೆ ಎಳೆದು ಪಾದದ ಅಳತೆ ತೆಗೆದಿದ್ದಾನೆ. ಅಂದರೆ ಶೂ ತರುವ ಮುಂಚೆಯೇ ಅವರಿಗೆ ತಮ್ಮ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. 'ನಿನ್ನ ಅಳತೆ ನಂಗೆ ಗೊತ್ತಿಲ್ವಾ' ಎಂದದ್ದು ಬರೀ ಬಾಯಿಮಾತು. ಬೆಂಚಿನ ಹತ್ತಿರ ತಾನೊಬ್ಬಳೇ ನಾಟಕ ಆಡುತ್ತಿದ್ದೇನೆ ಎಂದುಕೊಂಡಿದ್ದರಲ್ಲ, ಬಾಲ್ಕನಿಯಲ್ಲಿಯೂ ಒಂದು ನಡೆಯುತ್ತಿತ್ತು.

"ಇದರ ಮೇಲೆ ನಿಂತ್ಕೊಳ್ಳಿ ನೋಡೋಣ" ಎಂದರು ಅಂಗಡಿಯಾಕೆ.

ಟೀಚರಮ್ಮ ಚಪ್ಪಲಿ ಬಿಟ್ಟು ಕಾಗದದ ಮೇಲೆ ನಿಂತರು. ಹೆಬ್ಬೆರಳು ಅಂಚು ದಾಟಿತು. ಕಿರುಬೆರಳಂತೂ ಪೂರ್ತಿ ಹೊರಗೆ, ನೆಲದ ಮೇಲೆ.

"ನಂಗೆ ಆವತ್ತೇ ಅನುಮಾನ ಬಂತು" ಎಂದರು ಅಂಗಡಿಯಾಕೆ. "ಇದು ನಿಂತ ಪಾದ ಅಲ್ಲ. ಕಾಲಿನ ಮೇಲೆ ಮೈಭಾರ ಬಿದ್ರೆ ಪಾದ ಹರಡುತ್ತೆ, ಉದ್ದಾನೂ ಆಗುತ್ತೆ. ಸಂಜೆ ಹೊತ್ತಿಗೆ ಇನ್ನಷ್ಟು. ಇದು ಆರಾಮಾಗಿ ಮಲಗಿರೋ ಪಾದ."

ಆಗ ಟೀಚರಮ್ಮನಿಗೆ ಶೂ ಬರುವ ಮುಂಚಿನ ಭಾನುವಾರದ ಮಧ್ಯಾಹ್ನ ನೆನಪಾಯಿತು. ಊಟವಾದ ಮೇಲೆ ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದರು. ಅರೆನಿದ್ದೆಯಲ್ಲಿ ಅಂಗಾಲಿಗೆ ಕಚಗುಳಿ. ಕಣ್ಣು ಬಿಡದೆ "ಏನ್ರೀ ಅದು?" ಎಂದಿದ್ದರು. "ಸೊಳ್ಳೆ, ಮಲಗು" ಎಂದಿತ್ತು ಗಂಡನ ದನಿ, ಕಾಲ ಬುಡದಿಂದಲೇ. ಹಗಲು ಹೊತ್ತಿನಲ್ಲಿ ಎಲ್ಲಿಯ ಸೊಳ್ಳೆ ಎಂದು ಕೇಳಲೂ ಆಗದಷ್ಟು ನಿದ್ದೆ.

ಅರವತ್ತೆರಡು ವರ್ಷದ ಗಂಡಸು, ಒಂದು ಕಾಗದ, ಒಂದು ಪೆನ್ಸಿಲು ಹಿಡಿದು, ಉಸಿರು ಬಿಗಿಹಿಡಿದು, ಹೆಂಡತಿಯ ಕಾಲ ಬಳಿ ನೆಲದ ಮೇಲೆ ಕೂತಿರುವುದನ್ನು ಟೀಚರಮ್ಮ ಅಂಗಡಿಯ ನಡುವೆ ನಿಂತು ಕಣ್ಣಿಗೆ ತಂದುಕೊಂಡರು. ನಗು ಬಂತು, ಜೊತೆಗೆ ಅಳುವೂ ಬಂತು.

"ದೊಡ್ಡ ನಂಬರ್ ತೆಗೆದು ಕೊಡ್ಲಾ?"

"ಬೇಡ" ಎಂದರು ಟೀಚರಮ್ಮ. "ನಾಳೆ ಬರ್ತೀನಿ. ಅವರನ್ನೇ ಕರ್ಕೊಂಡು ಬರ್ತೀನಿ."

ಅವತ್ತು ಕೋಚಮ್ಮನ ಹಾಲಿಗೆ ಹೋಗಲಿಲ್ಲ. ನೇರ ಮನೆಗೆ ಬಂದು, ಎರಡು ಮಹಡಿ ಹತ್ತಿ, ಬಾಗಿಲು ತೆಗೆದ ಮಾಸ್ಟರ ಎದುರು ಚೀಲ ಇಳಿಸಿದರು. ಒಂದೇ ಉಸಿರಿಗೆ ಹೇಳಿಬಿಟ್ಟರು.

"ರೀ, ಆ ಶೂ ನಂಗೆ ಆಗಲ್ಲ. ಮೊದಲ ದಿನದಿಂದ ಕಚ್ತಾ ಇದೆ."

ಮಾಸ್ಟರ ಮುಖ ಬಿಳುಚಿಕೊಂಡಿತು. ಅವರು ಕುರ್ಚಿಯ ಬೆನ್ನು ಹಿಡಿದರು.

"ಹೇಳಿದ್ನಲ್ಲ" ಎಂದರು ಮೆತ್ತಗೆ. "ಮುಗೀತು. ಕಣ್ಣು ಹೋಯ್ತು."

"ಕಣ್ಣನ್ನ ಯಾಕೆ ಬೈತೀರಿ? ಶೂ ತರೋವಾಗ ಕಣ್ಣನ್ನ ಕೇಳಿದ್ರಾ ನೀವು?" ಟೀಚರಮ್ಮ ಕಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಸೊಳ್ಳೆಯಂತೆ, ಸೊಳ್ಳೆ!"

ಮಾಸ್ಟರು ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಕಾಗದ ನೋಡಿದರು, ಹೆಂಡತಿಯನ್ನು ನೋಡಿದರು.

"ತಪ್ಪಾಗ್ಬಾರ್ದು ಅಂತ..." ಎಂದರು. "ಬೇರೆಯವರದ್ದು ತಪ್ಪಾದ್ರೆ ತಪ್ಪಾಗ್ಲಿ. ನಿಂದೊಂದು ಸರಿಯಾಗಿರ್ಲಿ ಅಂತ. ಕಣ್ಣನ್ನ ನಂಬೋಕೆ ಧೈರ್ಯ ಬರ್ಲಿಲ್ಲ ಕಣೇ."

"ಈಗ ನಂಬಿ. ನಿಂತಿದ್ದೀನಿ. ಹೇಳಿ, ಎಷ್ಟುದ್ದ?"

"ಬೇಡ ಮಾರಾಯ್ತಿ."

"ಹೇಳ್ರೀ!"

ಮಾಸ್ಟರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಒಂದು ಕಡೆ ವಾಲಿಸಿ, ಪಾದ ನೋಡಿದರು. ನೋಡಿದರು, ನೋಡಿದರು.

"ಒಂಬತ್ತೂವರೆ."

ಟೀಚರಮ್ಮ ಹೊಲಿಗೆ ಡಬ್ಬಿಯಿಂದ ತಮ್ಮ ಟೇಪ್ ತಂದರು. ಸ್ಟೀಲ್ ಪಟ್ಟಿಯೊಂದನ್ನು ಹೆಬ್ಬೆರಳಿಗೆ ಅಡ್ಡ ಇಟ್ಟು, ಬಗ್ಗಿ, ಕನ್ನಡಕದೊಳಗಿಂದ ಓದಿದರು. ಹತ್ತು. ಮತ್ತೊಮ್ಮೆ ಓದಿದರು. ಹತ್ತೇ.

ಒಂದು ಗಳಿಗೆ ಅವರಿಗೆ ಆಸೆಯಾಯಿತು. ಒಂಬತ್ತೂವರೆ, ಸರಿಯಾಗಿದೆ ಎಂದುಬಿಟ್ಟರೆ ಏನು ಹೋಗುತ್ತದೆ? ಮೂವತ್ತೆರಡು ವರ್ಷದಲ್ಲಿ ಯಾವ ಮಗುವಿಗೂ ಅವರು ಅರ್ಧ ಮಾರ್ಕು ಧರ್ಮಕ್ಕೆ ಕೊಟ್ಟವರಲ್ಲ. ತಾಯಂದಿರು ಬಂದು ಗೋಗರೆದರೂ ಜಗ್ಗಿರಲಿಲ್ಲ. ಇವತ್ತು ಕೊಡಬೇಕೆಂದು ಬಾಯಿವರೆಗೂ ಬಂತು. ಆದರೆ ಹನ್ನೊಂದು ದಿನ ಸುಳ್ಳು ಹೇಳಿದ್ದಕ್ಕೆ ಹತ್ತು ಬೆರಳೂ ಸಾಕ್ಷಿ ನಿಂತಿದ್ದವು.

"ಅರ್ಧ ಇಂಚು ಕಡಿಮೆ ಹೇಳಿದ್ರಿ" ಎಂದರು.

ಮಾಸ್ಟರು ಕುರ್ಚಿಯಲ್ಲಿ ಕೂತರು.

"ನೋಡಿದ್ಯಾ" ಎಂದರು.

"ನೋಡಿದೆ. ಏನೀಗ?" ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು, ತರಗತಿಯಲ್ಲಿ ನಿಲ್ಲುವ ಹಾಗೆ. "ನಾನು ಕನ್ನಡಕ ಹಾಕ್ಕೊಂಡು ಹತ್ತು ವರ್ಷ ಆಯ್ತು. ಮಗ್ಗಿ ಮರೆತುಹೋಯ್ತಾ ನಂಗೆ? ಕಣ್ಣು ಅರ್ಧ ಇಂಚು ಸೋತಿದೆ, ಒಪ್ಕೊಂಡೆ. ಟೇಪ್ ಹಿಡೀರಿ, ಡಾಕ್ಟರ ಹತ್ರ ನಡೀರಿ. ಆದ್ರೆ ಈ ಕಾಗದ ನೋಡಿ ಒಂದ್ಸಲ. ಸುತ್ತ ಎಲ್ಲಾದ್ರೂ ಗೆರೆ ನಡುಗಿದ್ಯಾ? ನಾನು ಎಂಥ ಕಚಗುಳಿ ಗಿರಾಕಿ ಅಂತ ನಿಮಗೆ ಗೊತ್ತು. ನನ್ನ ಪಾದದ ಸುತ್ತ ಪೆನ್ಸಿಲ್ ಆಡಿಸಿ, ಹತ್ತು ಬೆರಳ ಸಂದಿಗೂ ಹೋಗಿ ಬಂದು, ಪೂರ್ತಿ ನಿದ್ದೆ ಕೆಡಿಸದ ಕೈ ಕಣ್ರೀ ಇದು. ಈ ಕೈಯಿರೋನು ಕತ್ತರಿ ಬಿಡ್ತಾನಂತೆ!"

ಮಾಸ್ಟರು ತಮ್ಮ ಬಲಗೈಯನ್ನು ಮಗುಚಿ ನೋಡಿಕೊಂಡರು. ಕೆಳಗಿನ ರಸ್ತೆಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದ ಸದ್ದಾಯಿತು.

"ಬೊಬ್ಬೆ ಎದ್ದಿದ್ಯಾ?" ಎಂದು ಕೇಳಿದರು ಕೊನೆಗೆ.

"ಎರಡು."

"ಹನ್ನೊಂದು ದಿನ ಹೇಗೆ ನಡೆದೆ ಮತ್ತೆ?"

ಟೀಚರಮ್ಮ ನಾಲಿಗೆ ಕಚ್ಚಿಕೊಂಡರು. ಆಮೇಲೆ ಬೆಂಚಿನ ಕಥೆಯನ್ನೂ ಬಚ್ಚಲು ಚಪ್ಪಲಿಯ ಕಥೆಯನ್ನೂ ಹೇಳಿದರು. ಮಾಸ್ಟರು ಮೊದಲು ಬಾಯಿ ಬಿಟ್ಟು ಕೇಳಿದರು. ಆಮೇಲೆ ನಗು ಹೊಟ್ಟೆಯಿಂದ ಹೊರಟಿತು. "ಅದಕ್ಕೇ ದಿನಾ ಸಂಜೆ ಬಚ್ಚಲಲ್ಲಿ ನಾನು ಬರಿಗಾಲಲ್ಲಿ ಜಾರ್ತಿದ್ದೆನಾ!" ಎಂದು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಎರಡು ತಿಂಗಳಿಂದ ಆ ಮನೆಯಲ್ಲಿ ಇಷ್ಟು ಜೋರಾಗಿ ನಕ್ಕವರು ಇರಲಿಲ್ಲ.

ನಕ್ಕು ಮುಗಿದ ಮೇಲೆ ಅವರೇ ಎದ್ದರು. ಹೊಸ ಕಂದು ಕಾಗದ ನೆಲದ ಮೇಲೆ ಹಾಸಿದರು. "ಬಾ, ನಿಂತ್ಕೋ. ಎರಡೂ ಕಾಲಿನ ಮೇಲೆ ಸಮ ಭಾರ ಹಾಕು. ನಗಬೇಡ, ಗೆರೆ ಹಾಳಾಗುತ್ತೆ" ಎಂದರು. ಟೀಚರಮ್ಮ ಎಚ್ಚರದಲ್ಲಿ ಆ ಪೆನ್ಸಿಲನ್ನು ತಡೆದುಕೊಳ್ಳಲಾರದೆ ಮೂರು ಸಲ ಗೆರೆ ಹಾಳು ಮಾಡಿದರು.

ಮರುದಿನ ಸಂಜೆ ವ್ಯಾಯಾಮ ಮುಗಿಸಿ, ಪಾದ ಊದಿರುವಾಗಲೇ ಹೋಗಬೇಕೆಂಬ ಕೋಚಮ್ಮನ ಅಪ್ಪಣೆಯಂತೆ, ಇಬ್ಬರೂ ಅಂಗಡಿಗೆ ಹೋದರು. ಒಂದು ಅಗಲ ಮೂತಿಯ ಶೂ, ಕೋಚಮ್ಮನದರಂಥ ಒಂದು ಜೊತೆ ದೋಣಿ. ದೋಣಿಯೊಳಗೆ ಕಾಲಿಟ್ಟ ಟೀಚರಮ್ಮ ಕಣ್ಣು ಮುಚ್ಚಿ, "ರೀ, ನಂಗೆ ಇಲ್ಲೇ ನಿದ್ದೆ ಬರ್ತಿದೆ" ಎಂದರು.

"ಸ್ವಾಮಿ, ನಿಮ್ಮ ಕಾಲಿಗೆ?" ಎಂದು ಕೇಳಿದರು ಅಂಗಡಿಯಾಕೆ.

"ನಂದು ಎಂಟು ನಂಬರ್. ನಲವತ್ತು ವರ್ಷದಿಂದ ಎಂಟೇ" ಎಂದರು ಮಾಸ್ಟರು.

"ಯಾರು ಅಳೆದಿದ್ದು?"

ಮಾಸ್ಟರು ಬಗ್ಗಿ ತಮ್ಮ ಪಾದ ನೋಡಿಕೊಂಡರು. ಟೀಚರಮ್ಮ ಅವರನ್ನು ಹಿಡಿದು ಅಳತೆಯ ಹಲಗೆಯ ಮೇಲೆ ನಿಲ್ಲಿಸಿದರು. ಒಂಬತ್ತು! ಊರಿನವರಿಗೆಲ್ಲ ಮೈಗೊಪ್ಪುವಂತೆ ಕತ್ತರಿಸಿಕೊಟ್ಟ ಮನುಷ್ಯ, ಕಟಿಂಗ್ ಮೇಜಿನ ಮುಂದೆ ಇಷ್ಟು ವರ್ಷ ಬೆರಳು ಮುದುಡಿಕೊಂಡೇ ನಿಂತಿದ್ದರು. ಎಲ್ಲರ ಕಾಲೂ ಸಂಜೆ ಹೊತ್ತಿಗೆ ಹೀಗೇ ನೋಯುತ್ತದೆ ಎಂದುಕೊಂಡಿದ್ದರಂತೆ ಪಾಪ. ಟೀಚರಮ್ಮ ಅವರ ಹಳೆಯ ಶೂವನ್ನು ತಮ್ಮ ಕೈಯಾರೆ ಡಬ್ಬಿಗೆ ಹಾಕಿ ಮುಚ್ಚಿದರು.

ಆ ವಾರವೇ ಕಣ್ಣಿನ ಡಾಕ್ಟರ ಬಳಿಯೂ ಹೋಗಿ ಬಂದರು. ಸೋಮವಾರ ಬೆಳಿಗ್ಗೆ ಮಾಸ್ಟರು ಹೊಸ ಕನ್ನಡಕ ಹಾಕಿ, ಹೊಸ ಶೂ ಹಾಕಿ, ಬೀರುವಿನ ಮೇಲಿಂದ ಕತ್ತರಿ ಇಳಿಸಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಟೀಚರಮ್ಮನ ಹೊಲಿಗೆ ಡಬ್ಬಿಯಿಂದ ಟೇಪ್ ತೆಗೆದು ಕೊರಳಿಗೆ ಹಾಕಿಕೊಂಡರು. ಕನ್ನಡಿ ನೋಡಿಕೊಂಡು ಮುಖ ಹುಳ್ಳಗೆ ಮಾಡಿದರು.

"ಎಲ್ಲ ನಗ್ತಾರೆ ಕಣೇ."

"ನಗ್ಲಿ ಬಿಡಿ. ಚೆನ್ನಾಗಿ ಒಪ್ಪುತ್ತೆ ನಿಮಗೆ."

ಹೊರಡುವಾಗ ಮೇಜಿನ ಮೇಲಿದ್ದ ಹಳೆಯ ಕಾಗದದ ಪಾದಗಳು ಅವರ ಕಣ್ಣಿಗೆ ಬಿದ್ದವು. "ಇದನ್ನ ಇನ್ನೂ ಬಿಸಾಕಿಲ್ವಾ? ತಪ್ಪು ಅಳತೆ ಅದು" ಎಂದು ಮುದುರಲು ಹೋದರು.

ಟೀಚರಮ್ಮ ಕೈ ಹಿಡಿದು ತಡೆದರು. ಕಾಗದವನ್ನು ಬಿಡಿಸಿ, ಮಚ್ಚೆಯ ಚುಕ್ಕೆಯ ಮೇಲೆ ಒಮ್ಮೆ ಬೆರಳಾಡಿಸಿ, ತಮ್ಮ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು.

"ನಿಂತಿರೋವಾಗ ನನ್ನ ಅಳತೇನ ಯಾರು ಬೇಕಾದ್ರೂ ತಗೋತಾರೆ" ಎಂದರು. "ನಾನು ನಿದ್ದೆ ಮಾಡ್ತಿರೋವಾಗ ತಗೊಂಡೋರು ನೀವೊಬ್ರೇ. ಇರ್ಲಿ ಇದು ನನ್ನ ಹತ್ರ."